ಒಂದೇ ದಿನ, ಎರಡು ಸಲ

ರುಸ್ತಾವಿಯಲ್ಲಿ, ನಮ್ಮ ಐದಂತಸ್ತಿನ ಕಟ್ಟಡದ ಹಿಂದೆ
ತಗಡಿನ ಗ್ಯಾರೇಜುಗಳ ಸಾಲು, ಒಂದರ ತುಕ್ಕು ಇನ್ನೊಂದಕ್ಕೆ.
ನಮ್ಮದು ನಲವತ್ತೊಂದನೆಯದು. ಬಾಗಿಲು
ಸ್ವಲ್ಪ ಎತ್ತಿ ಒದ್ದರೆ ಮಾತ್ರ ತೆರೆಯುತ್ತದೆ.
ಇಷ್ಟನ್ನು ಅಪ್ಪ ನನಗೆ ಆರು ವರ್ಷವಿದ್ದಾಗ ಕಲಿಸಿದ;
ಉಳಿದದ್ದೇನನ್ನೂ ಕಲಿಸಲಿಲ್ಲ.
ಟಾರ್ಚು ಹಿಡಿ, ಅಂದ. ಮೂವತ್ತು ವರ್ಷ ಹಿಡಿದೆ.

ಈಗ ಅವನ ಕೈ ನಡುಗುತ್ತದೆ.
ಚಹಾದ ಲೋಟವೇ ತುಳುಕುವಾಗ
ಎಂಜಿನ್ನಿನ ಬಾಯಿಗೆ ಆಯಿಲು ಹೊಯ್ಯುವುದೆಲ್ಲಿ ಬಂತು?
ಟಾರ್ಚು ಅವನಿಗೆ, ಕೀಲಿ ನನಗೆ.
ಬೆಳಕು ಅಲುಗುತ್ತದೆ. ನಾನು ಏನೂ ಅನ್ನುವುದಿಲ್ಲ.

ಎಂಜಿನ್ನು ಬೆಚ್ಚಗಿರಬೇಕು, ಸುಡಬಾರದು,
ಕೂಸಿಗೆ ಎರೆಯುವ ನೀರಿನಷ್ಟು, ಎನ್ನುತ್ತಾನೆ,
ಒಂದು ಕೂಸಿಗೂ ಎಂದೂ ಎರೆಯದವನು.
ಫ್ರಿಜ್ಜಿನ ರಟ್ಟು ಹಾಸಿ ನಮ್ಮ ನೀವಾ ಗಾಡಿಯ ಕೆಳಗೆ ತೂರುತ್ತೇನೆ.
ಹನ್ನೆರಡರ ಅಲೆನ್ ಕೀ, ಅದಕ್ಕೊಂದು ಉದ್ದದ ಕೊಳವೆ.
‘ಎಡಕ್ಕೆ!’
ಅಂಗಾತ ಮಲಗಿದವಳಿಗೆ ಯಾವುದಪ್ಪಾ ಎಡ?
ಕಿರ್ರ್. ಮತ್ತೆ ಕಿರ್ರ್.
ಆಮೇಲೆ ಥಟ್ಟನೆ ಸಡಿಲ,
ಮುಂಗೈಗುಂಟ ಮೊಳಕೈವರೆಗೆ ಇಳಿದ ಕರಿ ಬಿಸಿ,
ಬೇಸಿನ್ನಿನೊಳಗೆ ಜಡೆಯಂತೆ ಹೆಣೆದುಕೊಳ್ಳುತ್ತ.

ಒಂದು ಹನಿ ತಾ, ಎನ್ನುತ್ತಾನೆ.
ಹೆಬ್ಬೆಟ್ಟು ತೋರುಬೆರಳ ನಡುವೆ ಹೊಸಕಿ
ಮೂಸುತ್ತಾನೆ, ಬೆಳಕಿಗೆ ಹಿಡಿಯುತ್ತಾನೆ.
ಉಕ್ಕಿನ ಕುಲುಮೆಯ ಬಣ್ಣ ನೋಡಿಯೇ
ಅದರ ಹಸಿವು ಹೇಳುತ್ತಿದ್ದ ಕಣ್ಣು.
‘ಲೋಹದ ಪುಡಿ ಇಲ್ಲ. ಇನ್ನೂ ಬದುಕುತ್ತಾಳೆ.’

ಫಿಲ್ಟರು ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ.
ಅದರ ಹೊಟ್ಟೆಗೆ ಸ್ಕ್ರೂಡ್ರೈವರು ತಿವಿದು
ಕಿವಿ ಹಿಂಡಿದ ಹಾಗೆ ತಿರುವಿದೆ. ಬಂತು.
ಹೊಸದರ ರಬ್ಬರಿಗೆ ಒಂದು ಬೆರಳು ಆಯಿಲು ಸವರಿ
ಕೈಯಲ್ಲೇ ಬಿಗಿದು, ಎದ್ದು, ಬೆನ್ನು ನೀವಿಕೊಂಡು,
ಡಬ್ಬಿಯ ಮುಚ್ಚಳ ತೆರೆದೆ. ನಾಲ್ಕು ಲೀಟರು,
ನನ್ನ ಎರಡು ದಿನದ ಸಂಬಳ.
ಲಾಲಿಕೆಯಲ್ಲಿ ಗುಳುಗುಳು ಇಳಿಯಿತು, ಹದವಾಗಿ,
ಒಂದು ಹನಿ ಹೊರಗೆ ಚೆಲ್ಲದೆ.
ಹೆಮ್ಮೆಯಾಯಿತು ನನಗೆ, ನಿಜ ಹೇಳುತ್ತೇನೆ.

ಆಗ ಕೇಳಿಸಿತು, ಕೆಳಗಿನಿಂದ,
ಕೇಳಿಸಬಾರದಿದ್ದ ಸದ್ದು.

ಡ್ರೇನ್ ಬೋಲ್ಟು ನನ್ನ ಜೇಬಿನಲ್ಲಿತ್ತು,
ತಾಮ್ರದ ಬಿಲ್ಲೆಯ ಸಮೇತ, ತೊಡೆಗೆ ತಾಗಿ, ಇನ್ನೂ ಬೆಚ್ಚಗೆ.
ಬೇಸಿನ್ನಿನ ಕಪ್ಪಿನ ಮೇಲೆ ಜೇನು ಬಿದ್ದಂತೆ
ಹೊಸ ಆಯಿಲು ಬೀಳುತ್ತಿತ್ತು,
ಅರೆಗಳಿಗೆ ಬೆರೆಯದೆ ನಿಂತು, ಆಮೇಲೆ ಬೆರೆಯಿತು.

ಬೈಗುಳಕ್ಕೆ ಕಾದೆ.
ಟಾರ್ಚಿನ ಬೆಳಕು ಎಂಜಿನ್ನು ಬಿಟ್ಟು
ನಿಧಾನ ಗೋಡೆಯ ತಗಡಿಗೆ ಹೋಯಿತು.
ಅಲ್ಲಿ ಅವನ ಪೆನ್ಸಿಲ್ಲಿನ ಲೆಕ್ಕ: ಪ್ರತಿ ಸಲದ್ದೂ,
ತಾರೀಖು, ಓಡಿದ ಕಿಲೋಮೀಟರು.
ಎಂಬತ್ತೆಂಟರ ಮೇ ಹದಿನಾಲ್ಕು, ಮೂವತ್ತೊಂದು ಸಾವಿರದ ಇನ್ನೂರಾರು.
ಅದರ ಕೆಳಗೆ
ಮೇ ಹದಿನಾಲ್ಕು, ಮೂವತ್ತೊಂದು ಸಾವಿರದ ಇನ್ನೂರಾರು.
ಅಕ್ಷರ ಕಲಿತಾಗಿನಿಂದ ಓದಿದ ಸಾಲು.
ಅಪ್ಪನಿಗೆ ಈ ಗಾಡಿಯೆಂದರೆ ಅಷ್ಟು ಪ್ರೀತಿ,
ಒಂದೇ ದಿನ ಎರಡು ಸಲ ಊಟ ಹಾಕಿದ, ಅಂದುಕೊಂಡಿದ್ದೆ.

ಟಾರ್ಚು ಈಗ ವಿಪರೀತ ನಡುಗುತ್ತಿತ್ತು.
ನೋಡಿದರೆ ಮುದುಕ ನಗುತ್ತಿದ್ದ, ಸದ್ದಿಲ್ಲದೆ, ಭುಜ ಕುಣಿಸುತ್ತ.
‘ನಿನ್ನಮ್ಮನಿಗೆ ಇವತ್ತಿಗೂ ಗೊತ್ತಿಲ್ಲ.
ಟಾರ್ಚು ಹಿಡಿದಿದ್ದವಳು ನೀನು. ಐಸ್‌ಕ್ರೀಮಿಗೆ ಬಾಯಿ ಮುಚ್ಚಿದೆ.’

ಐಸ್‌ಕ್ರೀಮು ನೆನಪಾಯಿತು. ಕಾಗದದ ಬಟ್ಟಲು, ಮರದ ಚಮಚ.
ಯಾಕೆ ಕೊಡಿಸಿದ್ದು ಎನ್ನುವುದು ನೆನಪಿರಲಿಲ್ಲ.

ಪಕ್ಕದ ಗ್ಯಾರೇಜಿನ ನೋದಾರಿ ಒಂದು ಡಬ್ಬಿ ಕಡ ಕೊಟ್ಟ,
ಏನಾಯಿತು ಎಂದು ಕೇಳಿದ, ನಾವಿಬ್ಬರೂ ಕೆಮ್ಮಿದೆವು.
ಬೋಲ್ಟು ಮೊದಲು. ಬೋಲ್ಟನ್ನು ಮೂರು ಸಲ ಮುಟ್ಟಿ ನೋಡಿದೆ.
ಗೋಡೆಯ ಮೇಲೆ ಇವತ್ತಿನ ತಾರೀಖು ಬರೆದೆ,
ಅದರ ಕೆಳಗೆ ಅದನ್ನೇ.

ನಾಲ್ಕನೇ ಮಹಡಿಯ ಬಾಲ್ಕನಿಯಿಂದ ಅಮ್ಮ ಕೂಗಿದಳು,
ಇಷ್ಟು ಹೊತ್ತು ಏನು ಮಾಡುತ್ತಿದ್ದೀರಿ ಇಬ್ಬರೂ?
ಅಪ್ಪ ಟಾರ್ಚು ಆರಿಸಿದ.
ಡಾಕ್ಟರು ಸಕ್ಕರೆ ಮುಟ್ಟಬೇಡ ಎಂದಿರುವ ಮನುಷ್ಯ,
ನನ್ನತ್ತ ವಾಲಿ, ಪಿಸುದನಿಯಲ್ಲಿ,
‘ಆ ಮೂಲೆಯಂಗಡಿ ಇನ್ನೂ ತೆರೆದಿರುತ್ತಾ?’